ಮೂರು ಸಲ 'ನೈ'

ನಮ್ಮ ಮನೆಯ ಕಂಪ್ಯೂಟರಿನಲ್ಲಿ 'ಗ್ರೀಸ್ ಟಿಪ್ಸ್ ಫೈನಲ್ ೪' ಅಂತ ಹನ್ನೊಂದು ಪುಟದ ಕಡತವೊಂದಿದೆ. ಬರೆದವರು ನಮ್ಮ ಯಜಮಾನರು, ಶ್ರೀಕಂಠ. ಅದರಲ್ಲಿ ಮೂವತ್ತೊಂದು ಸಲಹೆಗಳು. ಮೂವತ್ತು ಅಪ್ಪಟ ಸತ್ಯ. ಹದಿನೇಳನೆಯದು ಸುಳ್ಳು. ಅದು ಸುಳ್ಳೆಂದು ನಮ್ಮ ಪೈಕಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳುತ್ತಿದ್ದೇನೆ, ನೀವು ನಿಮ್ಮಲ್ಲೇ ಇಟ್ಟುಕೊಳ್ಳಿ.

ಅಮೆರಿಕದಲ್ಲಿ ನಾವಿರುವ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಜನ ಪ್ರವಾಸ ಹೋಗುವುದು ಊರು ನೋಡುವುದಕ್ಕೆ ಅಂತ ನೀವು ತಿಳಿದಿದ್ದರೆ ನಿಮಗೆ ಇಲ್ಲಿಯ, ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳ ಪರಿಚಯವಿಲ್ಲ. ಹೋಗುವುದು, ಬಂದಮೇಲೆ ಟಿಪ್ಸ್ ಕೊಡುವುದಕ್ಕೆ. ಬಿಸಿಬೇಳೆಭಾತಿನ ಟ್ರೇ ಮುಂದೆ ನಿಂತುಕೊಂಡು ಒಬ್ಬರು ಐಸ್‌ಲ್ಯಾಂಡಿಗೆ ಯಾವ ಶೂ ಹಾಕಬೇಕು ಅಂತ ಹೇಳುತ್ತಾರೆ, ಇನ್ನೊಬ್ಬರು ಪೆರುವಿನಲ್ಲಿ ಮೊಸರು ಎಲ್ಲಿ ಸಿಗುತ್ತದೆ ಅಂತ. ಬಹಳ ವರ್ಷ ನಮ್ಮ ಹತ್ತಿರ ಕೊಡಲು ಇದ್ದದ್ದು ನಯಾಗರಾ ಒಂದೇ. ಅದನ್ನು ಈಗ ಯಾರೂ ಮೂಸಿ ನೋಡುವುದಿಲ್ಲ. ಹಾಗಾಗಿ ಎರಡು ಬೇಸಿಗೆಯ ಹಿಂದೆ ಗ್ರೀಸಿನ ಒಂದು ದ್ವೀಪದಲ್ಲಿ, ಸಮುದ್ರದಂಡೆಯ ರೆಸಾರ್ಟಿನಲ್ಲಿ ಒಂದು ವಾರ ಇದ್ದು ಬಂದಾಗ ನಮ್ಮವರ ಎದೆ ಎರಡು ಇಂಚು ಅಗಲವಾಯಿತು. ವಿಮಾನದಲ್ಲೇ ಟೈಪ್ ಮಾಡಲು ಕೂತರು.

ಟಿಪ್ಸ್ ಚೆನ್ನಾಗಿವೆ, ಸುಮ್ಮನೆ ಹೇಳಬಾರದು. ಅಲ್ಲಿಯ ದಂಡೆಯಲ್ಲಿ ಮರಳಿಗಿಂತ ಬೆಣಚುಕಲ್ಲು ಜಾಸ್ತಿ, ಸಮುದ್ರಕ್ಕೆ ಚಪ್ಪಲಿ ಹಾಕಿಕೊಂಡೇ ಇಳಿಯಿರಿ. ಹಳೆಯ ಕೋಟೆಯನ್ನು ಬೆಳಗ್ಗೆ ಎಂಟಕ್ಕೇ ನೋಡಿ ಮುಗಿಸಿ, ಹತ್ತರ ಮೇಲೆ ಹಡಗಿನ ಜನ ಬಂದು ಬೀಳುತ್ತಾರೆ. ಗ್ರೀಕ್ ಕಾಫಿಯ ತಳದ ಮುಕ್ಕಾಲು ಅಂಗುಲ ಕುಡಿಯಬೇಡಿ. ಇದು ನಾಲ್ಕನೆಯ ಸಲಹೆ, ಇವರು ಕುಡಿದು ಕಲಿತದ್ದು. ಕಪ್ಪಿನಲ್ಲಿದ್ದದ್ದನ್ನೆಲ್ಲ ಮುಗಿಸಬೇಕು ಅಂತ ಮೈಸೂರಿನಲ್ಲಿ ಬೆಳೆದವರು. ಅವತ್ತು ಮಧ್ಯಾಹ್ನದವರೆಗೆ ಹಲ್ಲಿನ ಸಂದಿಯಿಂದ ಗಸಿ ತೆಗೆಯುತ್ತ ಪುರಾತನ ಸ್ತಂಭಗಳನ್ನು ನೋಡಿದರು.

ಇವರ ಸ್ವಭಾವ ನಿಮಗೆ ಸ್ವಲ್ಪ ಹೇಳಬೇಕು. ಇವರು ಸುಳ್ಳು ಹೇಳುವುದಿಲ್ಲ. ಹೇಳಲು ಬರುವುದೇ ಇಲ್ಲ. ನ್ಯೂವಾರ್ಕ್ ಏರ್‌ಪೋರ್ಟಿನ ಕಸ್ಟಮ್ಸಿನಲ್ಲಿ ಎಲ್ಲರೂ ಸದ್ದಿಲ್ಲದೆ ದಾಟಿ ಹೋಗುವಾಗ ಇವರೊಬ್ಬರು ನಿಂತು, "ಸರ್, ನನ್ನ ಹತ್ತಿರ ಮಾವಿನಕಾಯಿ ಉಪ್ಪಿನಕಾಯಿ ಇದೆ" ಅಂತ ತಾವಾಗಿ ಒಪ್ಪಿಸುವವರು. ಇನ್ನು ಊಟದ ವಿಷಯದಲ್ಲಂತೂ ಕೇಳಬೇಡಿ. ಚೀಸಿನ ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನು ಕನ್ನಡಕ ತೆಗೆದು, ಮತ್ತೆ ಹಾಕಿ, ಎರಡು ಸಲ ಓದುತ್ತಾರೆ. ಇಪ್ಪತ್ತಾರು ವರ್ಷ ಅಮೆರಿಕದಲ್ಲಿದ್ದೂ ಶುದ್ಧ ಸಸ್ಯಾಹಾರಿ ಅನ್ನುವುದು ಇವರ ಏಕೈಕ ಜಂಬ. ಪಾಪ, ಮನುಷ್ಯನಿಗೆ ಒಂದಾದರೂ ಬೇಕಲ್ಲ.

ನಾನು? ನಾನು ವಾರಕ್ಕೆ ಎರಡು ದಿನ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತೇನೆ, ಮಂಗಳವಾರ ಮತ್ತು ಗುರುವಾರ. ಒಂಬತ್ತು ವರ್ಷದ ಹಿಂದೆ ಒಂದು ಹಿಮದ ದಿನ ಸೀಕಾಕಸ್ಸಿನಲ್ಲಿ ರೈಲು ಒಂದೂವರೆ ಗಂಟೆ ನಿಂತಿತು. ಆಫೀಸಿನ ಬೀದಿ ಸೇರುವಾಗ ಹೊಟ್ಟೆ ಬೆನ್ನಿಗೆ ಹತ್ತಿತ್ತು, ಡಬ್ಬಿಯ ಮೊಸರನ್ನ ಐಸ್ ಆಗಿತ್ತು. ಮೂಲೆಯ ಗಾಡಿಯವನ ಹತ್ತಿರ ಫಲಾಫಲ್ ಅಂದೆ, ಅಂದರೆ ಕಡಲೆಯ ವಡೆ. ಅವನು ಗಡಿಬಿಡಿಯಲ್ಲಿ ಕುರಿ ಕೊಟ್ಟ. ಮೊದಲ ಸಲ ತಪ್ಪಾಗಿ ತಿಂದೆ. ಎರಡನೆಯ ಸಲ, ಆ ತಪ್ಪು ನಿಜಕ್ಕೂ ಅಷ್ಟು ರುಚಿಯಾಗಿತ್ತೇ ಅಂತ ಖಾತ್ರಿ ಮಾಡಿಕೊಳ್ಳಲು ತಿಂದೆ. ಮೂರನೆಯ ಸಲದಿಂದ ಯಾವ ನೆಪವನ್ನೂ ಹುಡುಕಲಿಲ್ಲ. ಗುರುವಾರ ಗುರುವಾರ, ಗಾಡಿಯ ಪಕ್ಕ ನಿಂತು, ಕುರಿ ಮತ್ತು ಅನ್ನ. ಬರುವಾಗ ರೈಲಿನಲ್ಲಿ ಸೋಂಪು ಅಗಿಯುತ್ತೇನೆ. ರಾಯರ ವಾರವೇ ಆಗಬೇಕಿತ್ತಾ ಅಂತ ಕೇಳಬೇಡಿ, ನನ್ನ ಮೀಟಿಂಗ್ ಇರುವುದು ಅವತ್ತು. ಕಾಲೇಜಿನಲ್ಲಿರುವ ಮಗಳಿಗೆ ಮಾತ್ರ ಗೊತ್ತು. "ಜಸ್ಟ್ ಟೆಲ್ ಹಿಮ್, ಅಮ್ಮ" ಅನ್ನುತ್ತಾಳೆ. ಮಕ್ಕಳಿಗೆ ಎಲ್ಲವೂ 'ಜಸ್ಟ್'.

ಈಗ ಹದಿನೇಳನೆಯ ಸಲಹೆಗೆ ಬರೋಣ. ರೆಸಾರ್ಟಿನ ಊಟ ಇವರಿಗೆ 'ಟೂರಿಸ್ಟ್ ಊಟ' ಅನ್ನಿಸಿತು. ಅಲ್ಲಿಯ ಊರೆಲ್ಲ ಅಗ್ರಹಾರವೇನೋ ಎಂಬಂತೆ, ಸ್ಥಳೀಯರು ಉಣ್ಣುವಲ್ಲಿ ಉಣ್ಣಬೇಕು ಅಂದರು. ಬಿಸಿಲಲ್ಲಿ ಗುಡ್ಡ ಹತ್ತಿಸಿಕೊಂಡು ಹೋದರು. ಮೇಲೆ ದ್ರಾಕ್ಷಿ ಚಪ್ಪರದ ಕೆಳಗೆ ನಾಲ್ಕು ಮೇಜು, ಒಬ್ಬ ಅಜ್ಜಿ. ಕಪ್ಪು ಲಂಗ, ತಲೆಗೆ ವಸ್ತ್ರ, ಇಂಗ್ಲಿಷಿನ ಗಂಧವಿಲ್ಲ. ತಟ್ಟೆಯಲ್ಲಿ ತಂದಿಟ್ಟಳು: ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಸಣ್ಣ ಸಣ್ಣ ಕಡುಬು, ನಮ್ಮ ಪತ್ರೊಡೆಯ ತಮ್ಮನ ಹಾಗೆ. ಬಿಸಿಬಿಸಿ, ಮೇಲೆ ಹಳದಿ ಬಣ್ಣದ ನಿಂಬೆಹುಳಿ ಸಾರು.

ಇವರು ಬಿಡುವವರೇ? "ಮೀಟ್?" ಅಂದರು. ಅಜ್ಜಿ ಕಣ್ಣು ಮಿಟುಕಿಸಿದಳು. ಇವರು ತಲೆಯ ಮೇಲೆ ಎರಡು ಬೆರಳಿನ ಕೊಂಬು ಇಟ್ಟುಕೊಂಡು, ಅರವತ್ತರ ಹತ್ತಿರದ ಮನುಷ್ಯ, "ಮ್ಯಾ... ಮ್ಯಾ?" ಅಂದರು. ಅಜ್ಜಿಯ ಮುಖ ಅರಳಿತು. "ನೈ, ನೈ, ನೈ" ಅಂದು ತಲೆ ಓರೆ ಮಾಡಿ ನಕ್ಕು ಒಳಗೆ ಹೋದಳು.

ಇವರು ಬೆಳೆದದ್ದು ಮಂಡಿ ಮೊಹಲ್ಲಾದಲ್ಲಿ, ಉರ್ದು ಮಾತಾಡುವ ಹುಡುಗರ ಜೊತೆ ಗೋಲಿ ಆಡಿಕೊಂಡು. ಅಲ್ಲಿ 'ನೈ' ಅಂದರೆ ಇಲ್ಲ. "ನೋಡು, ಒಂದಲ್ಲ, ಮೂರು ಸಲ ನೈ ಅಂದಳು. ಭಾಷೆಗಳ ಸಂಬಂಧ ನೋಡು ಹೇಗಿದೆ" ಅಂತ ನನಗೆ ಭಾಷಾಶಾಸ್ತ್ರ ಹೇಳುತ್ತ ಒಂದನ್ನು ಬಾಯಿಗೆ ಹಾಕಿಕೊಂಡರು. ನಾನೂ ಹಾಕಿಕೊಂಡೆ.

ಮೊದಲ ತುತ್ತಿಗೇ ನನಗೆ ಗೊತ್ತಾಯಿತು. ಏಳು ವರ್ಷದ ಗುರುವಾರಗಳು ಒಟ್ಟಿಗೆ ನಾಲಿಗೆಯ ಮೇಲೆ ಬಂದು ನಿಂತವು.

"ಒಳಗೆ ಸೋಯಾದ ಮೀಲ್ ಮೇಕರ್ ಹಾಕಿದ್ದಾರೆ ಕಣೆ. ನಮ್ಮದು ಯಾಕೆ ಇಷ್ಟು ಮೆತ್ತಗೆ ಬರಲ್ಲ?" ಅಂದರು ಇವರು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಬೇಕಾದರೆ, ಹೇಗೆ ಗೊತ್ತು ಅಂತಲೂ ಹೇಳಬೇಕು. ಕುರಿಯ ರುಚಿ ಕುರಿ ತಿಂದವರಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ನಾನು ಯೋಚಿಸುತ್ತಿದ್ದ ಹಾಗೇ ಇವರು ಎರಡನೆಯದು ತಿಂದರು. ಎರಡಾದಮೇಲೆ ಹೇಳಿ ಪ್ರಯೋಜನವೇನು ಅಂತ ನನ್ನ ಮನಸ್ಸು ವಕಾಲತ್ತು ಹಾಕಿತು. ಹೀಗೆ ಒಂದೊಂದಕ್ಕೂ ಒಂದೊಂದು ವಾದ ಹೂಡುತ್ತ ಎಂಟಾದವು. ನಾನೂ ಮೂರು ತಿಂದೆ. ಚೆನ್ನಾಗಿದ್ದವು. ಅದು ಇನ್ನೂ ನಾಚಿಕೆಗೇಡು.

ಮರುದಿನ ರಿಸೆಪ್ಷನ್ನಿನ ಹುಡುಗಿಯನ್ನು ಒಬ್ಬಳೇ ಹೋಗಿ ಕೇಳಿದೆ. ನಮಗೆ 'ನೈ' ಅಂತ ಕೇಳಿಸಿದ ಆ ಮಾತಿಗೆ ಅವಳ ಭಾಷೆಯಲ್ಲಿ ಅರ್ಥ 'ಹೌದು'. ಇಲ್ಲ ಅನ್ನುವುದಕ್ಕೆ 'ಓಹಿ' ಅಂತೆ, ಬೇಗ ಹೇಳಿದರೆ ಥೇಟ್ 'ಓಕೆ'. ಇವರು ಸ್ನಾನಕ್ಕೊಂದು ಚೊಂಬು ಬೇಕೆಂದು ಕೇಳಿದಾಗ ರೂಮು ಗುಡಿಸುವಾಕೆ "ಓಹಿ, ಓಹಿ" ಅಂದಿದ್ದಳು. "ಓಕೆ ಅಂದಿದ್ದಾಳೆ, ತರುತ್ತಾಳೆ" ಅಂತ ಮೂರು ದಿನ ಕಾದಿದ್ದ ರಹಸ್ಯವೂ ಅಲ್ಲೇ ಬಯಲಾಯಿತು. ಆ ಎಲೆಗಡುಬಿನಲ್ಲಿ ಎರಡು ಜಾತಿ ಅಂತಲೂ ಅವಳೇ ಹೇಳಿದಳು. ತಣ್ಣಗೆ ಕೊಡುವುದು ಬರೀ ಅನ್ನದ್ದು. ಬಿಸಿಯಾಗಿ ಹಳದಿ ಸಾರಿನ ಜೊತೆ ಬಂದರೆ ಮಾಂಸದ್ದು, ಸಾರಿನಲ್ಲಿ ಮೊಟ್ಟೆ ಬೇರೆ. ಮಾಂಸವಿಲ್ಲದ್ದಕ್ಕೆ ಅಲ್ಲಿಯವರು ಟರ್ಕಿಯಿಂದ ಬಂದ ಒಂದು ಹೆಸರಿಟ್ಟುಕೊಂಡಿದ್ದಾರೆ, ಅದರ ಅರ್ಥ 'ಸುಳ್ಳುಗಾರ'. ಒಳಗೆ ಇಲ್ಲದ್ದನ್ನು ಇದೆ ಅಂತ ತೋರಿಸಿಕೊಳ್ಳುತ್ತದಲ್ಲ, ಅದಕ್ಕೆ. ನಮ್ಮ ಮೇಜಿನ ಮೇಲೆ ಮಾತ್ರ ಕಡುಬು ಸಾಚಾ ಇತ್ತು, ಸುಳ್ಳುಗಾರ್ತಿ ಎದುರಿನ ಕುರ್ಚಿಯಲ್ಲಿದ್ದಳು.

ಕೆಂಡಲ್ ಪಾರ್ಕಿಗೆ ಬಂದಮೇಲೆ ಹದಿನೇಳನೆಯ ಸಲಹೆ ಹೀಗೆ ಅಚ್ಚಾಯಿತು: 'ಗುಡ್ಡದ ಮೇಲಿನ ಅಜ್ಜಿಯ ಹೋಟೆಲು. ಎಲೆಗಡುಬು ತಪ್ಪಿಸಬೇಡಿ. ಶುದ್ಧ ಸಸ್ಯಾಹಾರ, ಅಜ್ಜಿ ಮೂರು ಸಲ ಹೇಳಿ ಖಚಿತಪಡಿಸಿದ್ದಾಳೆ.' ಪಾಟ್‌ಲಕ್ಕುಗಳಲ್ಲಿ ಇವರು ಆ ಮೀಲ್ ಮೇಕರನ್ನು ವರ್ಣಿಸುವಾಗ ನಾನು ನೀರು ಕುಡಿಯಲು ಎದ್ದು ಹೋಗುತ್ತಿದ್ದೆ. ಎರಡು ವರ್ಷದಲ್ಲಿ ಬಹಳ ನೀರು ಕುಡಿದೆ. ಯಾರೂ ಆ ದ್ವೀಪಕ್ಕೆ ಹೋಗದಿರಲಿ ಅಂತ ಬೇಡಿಕೊಂಡೆ. ದೇವರು ನಡೆಸಿಕೊಟ್ಟ, ಕಳೆದ ತಿಂಗಳವರೆಗೆ.

ಕಳೆದ ತಿಂಗಳು ಭಾನುವಾರ ಬೆಳಗ್ಗೆ ಹಿಲ್ಸ್‌ಬರೋದಿಂದ ಪದ್ಮಾ ಆಂಟಿಯ ಫೋನ್ ಬಂತು. ಆಂಟಿಗೆ ಎಪ್ಪತ್ತಮೂರು. ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟದವರು, ಪರರ ಮನೆಗೆ ಹೋದರೆ ಚಮಚ ಬ್ಯಾಗಿನಲ್ಲೇ ಇರುತ್ತದೆ. ನನಗೆ ಮಗಳು ಹುಟ್ಟಿದಾಗ, ಅಮ್ಮನಿಗೆ ವೀಸಾ ಸಿಗದೆ ನಾನು ಒಬ್ಬಳೇ ಅಳುತ್ತಿದ್ದಾಗ, ನಲವತ್ತು ದಿನ ಮೆಣಸಿನ ಸಾರು ಹೊತ್ತುಕೊಂಡು ಡ್ರೈವ್ ಮಾಡಿಕೊಂಡು ಬಂದವರು. "ಶ್ರೀಕಂಠ, ಮುಂದಿನ ಶನಿವಾರ ಹೊರಟೆ ಕಣಪ್ಪ ಗ್ರೀಸಿಗೆ. ನಿನ್ನ ಟಿಪ್ಸ್ ಲ್ಯಾಮಿನೇಟ್ ಮಾಡಿಸಿದ್ದೀನಿ. ಹದಿನೇಳಕ್ಕೆ ಸ್ಟಾರ್ ಹಾಕಿದ್ದೀನಿ. ದಿನಾ ಒಂದು ಹೊತ್ತು ಆ ಅಜ್ಜಿ ಹತ್ತಿರಾನೇ ಊಟ" ಅಂದರು.

ಫೋನ್ ಇಟ್ಟಮೇಲೆ ಇವರು ಹುರುಳಿಕಾಯಿ ಹೆಚ್ಚಲು ಕೂತರು. ನಾನು ಎದುರಿಗೆ ಹೋಗಿ ಕೂತೆ.

"ರೀ, ಆ ಹದಿನೇಳನೆಯದು ತೆಗೆದುಬಿಡಿ."

"ಯಾಕೆ?"

"ಅದು ಮೀಲ್ ಮೇಕರ್ ಅಲ್ಲ. ಕುರಿ."

ಮೊದಲು ನಕ್ಕರು. 'ನೈ' ಅಂದರೆ ಏನೆಂದು ಹೇಳಿದೆ. ಚೊಂಬಿನ ಕಥೆಯನ್ನೂ ಹೇಳಿದೆ. ಚಾಕು ಕೆಳಗಿಟ್ಟರು. "ನಿನಗೆ ಯಾವಾಗ ಗೊತ್ತಾಯ್ತು?" ಅಂದರು.

ನೋಡಿ, ಅಲ್ಲೇ ಬಾಗಿಲು ತೆರೆದಿತ್ತು. ಮರುದಿನ ರಿಸೆಪ್ಷನ್ ಹುಡುಗಿ ಹೇಳಿದಳು ಅಂದಿದ್ದರೆ ಮುಗಿಯುತ್ತಿತ್ತು, ಅದು ಅರ್ಧ ನಿಜವೂ ಹೌದು. ಆದರೆ ನನಗೆ ಸಾಕಾಗಿತ್ತು. "ಮೊದಲ ತುತ್ತಿಗೇ" ಅಂದೆ.

"ಹೇಗೆ?"

ಹೇಳಿದೆ. ಸೀಕಾಕಸ್, ಹಿಮ, ಗಾಡಿ, ಗುರುವಾರ, ಸೋಂಪು, ಎಲ್ಲ. ಇವರು ಎದ್ದು ಹೋಗಿ, ಹಿಂದಿನ ದಿನವಷ್ಟೇ ಕತ್ತರಿಸಿದ್ದ ಹುಲ್ಲನ್ನು ಮತ್ತೆ ಕತ್ತರಿಸಿದರು. ನಾನು ಅರ್ಧ ಹೆಚ್ಚಿದ ಹುರುಳಿಕಾಯಿ ನೋಡುತ್ತ ಕೂತಿದ್ದೆ. ಇಪ್ಪತ್ತನಾಲ್ಕು ವರ್ಷದ ಸಂಸಾರ ಒಂದು ತಟ್ಟೆ ಅನ್ನದ ಮೇಲೆ ಜಾರಿಬಿದ್ದರೆ ಯಾರಿಗೆ ಹೇಳಿಕೊಳ್ಳಲಿ ಅಂತ ಹೆದರಿಕೆಯಾಯಿತು.

ಬೆವರು ಒರೆಸಿಕೊಂಡು ಒಳಗೆ ಬಂದರು. "ಅವತ್ತು ಆ ಮೇಜಿನ ಹತ್ತಿರ ನನ್ನ ತಡೀಬಹುದಿತ್ತು ನೀನು. ಏಳು ತಿಂದೆ ನಾನು."

"ಎಂಟು."

"ಎಂಟಾ?" ಅಂದು ಕುರ್ಚಿಯ ಮೇಲೆ ಕೂತರು. ನನಗೆ ನಿಜಕ್ಕೂ ಅಳು ಬಂತು. ಕುರಿ ತಿಂದದ್ದಕ್ಕಲ್ಲ. ಇವರ ಒಂದೇ ಒಂದು ಜಂಬವನ್ನು ಕಣ್ಣೆದುರೇ ಕರಗಲು ಬಿಟ್ಟು, ನನ್ನದನ್ನು ಕಾಪಾಡಿಕೊಂಡೆನಲ್ಲ, ಅದಕ್ಕೆ. ಹಾಗಂತ ಹೇಳಿಯೂ ಬಿಟ್ಟೆ.

ಇವರು ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ತೆಗೆದರು. "ಚಳಿಗಾಲದಲ್ಲೂ ಹೋಗ್ತಿದ್ಯಾ?"

"ಹೂಂ."

"ಬೀದೀಲಿ ನಿಂತ್ಕೊಂಡೇ?"

"ಅಲ್ಲಿ ಕುರ್ಚಿ ಇರಲ್ಲ ರೀ."

"ಒಳಗಡೆ ಎಲ್ಲಾದರೂ ಬೆಚ್ಚಗೆ ಕೂತು ತಿನ್ನಬಾರದಾ" ಅಂದರು. ಅಷ್ಟೇ. ಆಮೇಲೆ ಹುರುಳಿಕಾಯಿ ಪಲ್ಯ ಆಯಿತು, ಇಬ್ಬರೂ ಉಂಡೆವು, ಉಪ್ಪು ಕಡಿಮೆಯಿತ್ತು.

ಸಂಜೆ ಇವರೇ ಆಂಟಿಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿ. ಅಜ್ಜಿ, ಮೂರು ಸಲ 'ನೈ', ಎಂಟು ಕಡುಬು, ಒಂದನ್ನೂ ಮುಚ್ಚಿಡಲಿಲ್ಲ. "ಆಂಟಿ, ಅಲ್ಲಿ ಉಪವಾಸದ ಅಡುಗೆ ಯಾವುದಿದೆ ಅಂತ ಕೇಳಿ, ಅಲ್ಲಿಯವರೂ ವ್ರತ ಹಿಡಿಯುತ್ತಾರೆ, ಅದರಲ್ಲಿ ಮಾಂಸ ಇರುವುದಿಲ್ಲ; ಆದರೂ ಮೀನಿನ ಜಾತಿಯದು ಏನಾದರೂ ಇದೆಯಾ ಅಂತ ಇನ್ನೊಮ್ಮೆ ಕೇಳಿ" ಅಂದರು. ಆಂಟಿ, "ಗೊತ್ತಿಲ್ಲದೆ ತಿಂದದ್ದಕ್ಕೆ ದೋಷ ಇಲ್ಲ ಬಿಡಪ್ಪ, ಕೊರಗಬೇಡ" ಅಂದರು. ನಾನು ಉಸಿರು ಬಿಡುವಷ್ಟರಲ್ಲಿ ಕೇಳಿಯೇಬಿಟ್ಟರು: "ಅಲ್ವೋ, ನಿನ್ನ ಹೆಂಡತಿ ಜೊತೇಲೇ ಕೂತಿದ್ದಳಲ್ಲ, ಅವಳಿಗೂ ಗೊತ್ತಾಗಲಿಲ್ವಾ?"

ಉಪ್ಪಿನಕಾಯಿಯನ್ನು ತಾನಾಗಿ ಒಪ್ಪಿಸುವ ಮನುಷ್ಯ. ನಾನು ಕಣ್ಣು ಮುಚ್ಚಿಕೊಂಡೆ.

"ಅವಳಿಗೆಲ್ಲಿ ಗೊತ್ತಾಗಬೇಕು ಆಂಟಿ, ಪಾಪ" ಅಂದರು ಇವರು, ಒಂದು ಚೂರೂ ತಡವರಿಸದೆ. "ಅವಳು ಮೊಟ್ಟೆ ಹಾಕಿದ ಕೇಕು ಕೂಡ ಮುಟ್ಟಲ್ಲ."

ಕೇಕಿನ ವಿಷಯ ಯಾರೂ ಕೇಳಿರಲಿಲ್ಲ. ಅದನ್ನು ಇವರೇ ಸೇರಿಸಿದರು.