ದನಿ ಇಲ್ಲದ ಪ್ರಾರ್ಥನಿ

ಒಂದು ಕೇಳ್ತೀನಿ, ಖರೇ ಹೇಳ್ರಿ: ದೇವ್ರ ಮುಂದ ನೀವು ಸಣ್ಣ ದನಿಲೇ ಮಾತಾಡ್ತೀರೋ, ಇಲ್ಲಾ ನನ್ನಂಗ ಬಾಜೂ ಮನಿ ಎಮ್ಮಿ ಬೆದರಿ ಹಗ್ಗ ಹರಕೊಳ್ಳೂ ಹಂಗೋ?

ನಮ್ಮ ಬಸವಕಲ್ಯಾಣದಾಗ ಶುಕ್ರವಾರಕ್ಕೊಮ್ಮೆ ಒಬ್ಬೊಬ್ಬರ ಮನ್ಯಾಗ ಚರ್ಚಿನ ಹೆಣ್ಮಕ್ಕಳ ಪ್ರಾರ್ಥನಿ ಇರ್ತದ. ಚಾಪಿ ಮ್ಯಾಲ ಸುತ್ತ ಕುಂತು, ಕಣ್ಣು ಮುಚ್ಚಿ, ಪಾಳಿ ಪ್ರಕಾರ ಒಬ್ಬೊಬ್ಬರೂ ಬಾಯಿ ಬಿಟ್ಟು ದೇವ್ರಿಗೆ ಉಪಕಾರ ಹೇಳಬೇಕು. ನನಗ ಯಾವಾಗಲೂ ಕಡೀ ಪಾಳಿ ಕೊಡ್ತಾರ. ನಾ ಶುರು ಮಾಡಿದ್ರ ಒಲಿ ಮ್ಯಾಲಿನ ಚಾ ಕುದ್ದು ಕುದ್ದು ಬತ್ತಿ ಹೋಗ್ತದ ಅಂತ.

ಅಂಥಾ ನನ್ನ ದನಿ ಈ ಸಲ ಒಡೀತು. ನೆಗಡಿ ಇರಬೇಕಂತ ಮೆಣಸು ಬೆಲ್ಲ ತಿಂದೆ. ಹೋಗಲಿಲ್ಲ. ಸೊಸಿ ಹುಮನಾಬಾದ ದವಾಖಾನಿಗೆ ಕರಕೊಂಡು ಹೋದಳು. ಡಾಕ್ಟರ್ ಮೂಗಿನಾಗಿಂದ ನಳಿಗಿ ಹಾಕಿ ನೋಡಿ, "ಅಮ್ಮಾ, ಗಂಟಲದಾಗ ಗಂಟದ, ತೆಗೀಬೇಕು" ಅಂದ್ರು. ತೆಗೆದ್ರು. ತೆಗೆದ ತುಣುಕು ತಪಾಸಣಿಗೆ ಕಳಿಸಿದ್ರು. "ಕೆಟ್ಟ ರೋಗ ಹೌದೋ ಅಲ್ಲೋ ಆಮ್ಯಾಲ ಹೇಳ್ತೀನಿ. ಅಲ್ಲೀತನಾ ಒಂದು ಮಾತೂ ಆಡಬ್ಯಾಡ್ರಿ. ಪಿಸಪಿಸಾನೂ ಬ್ಯಾಡ."

ಹೊಳ್ಳಿ ಬರೂ ಬಸ್ಸಿನಾಗ ಸೊಸಿ ತನ್ನ ಫೋನ್ ನನ್ನ ಕೈಯಾಗಿಟ್ಟಳು. "ಅತ್ತಿ, ಏನ್ ಹೇಳೂದಿದ್ರೂ ಇದರಾಗ ಒತ್ರಿ" ಅಂತ ಅಕ್ಷರ ತೋರಿಸಿದಳು. ನಾ ಮೊದಲ ಒತ್ತಿದ್ದು, "ಸಾಯ್ತೀನೇನ?"

ಆಕಿ ಓದಿ ಕಿಡಕಿ ಕಡೆ ಮಾರಿ ತಿರುಗಿಸಿದಳು.

ಮನಿಗೆ ಬಂದು ಮೊಣಕಾಲೂರಿದೆ. ಇಷ್ಟು ವರ್ಷ ನನ್ನ ದನಿ ನಾ ಕೇಳದಽ ಪ್ರಾರ್ಥನಿ ಮಾಡಿದವಳೇ ಅಲ್ಲ. ತುಟಿ ಮುಚ್ಚಿದ್ರ ಎದಿಯಾಗ ಧಡಧಡ ಬಿಟ್ಟು ಬ್ಯಾರೇನೂ ಇಲ್ಲ. ದೇವ್ರಿಗೆ ನನ್ನ ಗುರ್ತು ದನಿಯಿಂದಷ್ಟೇ ಇದ್ರ? ಈಗ ಇಲ್ಲಿ ಯಾರು ಕುಂತಾರಂತ ಅವಂಗ ಹ್ಯಾಂಗ ಗೊತ್ತಾಗಬೇಕು? ರೋಗದಕಿಂತ ಈ ಅಂಜಿಕಿನೇ ಹೆಚ್ಚಾತು. ಅನ್ನ ಇಳೀಲಿಲ್ಲ.

ಆ ಶುಕ್ರವಾರ ಪ್ರಾರ್ಥನಿ ನಮ್ಮ ಮನ್ಯಾಗಽ ಇತ್ತು. ಒಬ್ಬಾಕಿ ಎಮ್ಮಿ ಕರು ಹಾಕಿದ್ದಕ್ಕ ಉಪಕಾರ ಹೇಳಿದಳು, ಮತ್ತೊಬ್ಬಾಕಿ ತೊಗರಿಗೆ ಬಿದ್ದ ಮಳಿಗೆ. ನನ್ನ ತಂಗಿ ತನ್ನ ಮಗಳ ನೌಕರಿಗೆ. ಆಮ್ಯಾಲ ನನ್ನ ಪಾಳಿ.

ಕೇಳೂದು ಬಹಳ ಇತ್ರಿ. ಉಳಸಪ್ಪಾ, ಕೆಟ್ಟ ರೋಗ ಆಗಿರಬಾರದಪ್ಪಾ, ದನಿ ಕೊಡಪ್ಪಾ. ಆದ್ರ ಫೋನ್ ಒತ್ತಿ ರೂಢಿ ಇಲ್ಲ, ಒಂದಕ್ಷರ ಒತ್ತಿದ್ರ ಮಗ್ಗಲದ್ದು ಬೀಳ್ತಿತ್ತು. ಅಳಿಸೂದು, ಒತ್ತೂದು. ಎಲ್ಲಾರೂ ಕಣ್ಣು ಮುಚ್ಚಿ ಕಾಯಾಕತ್ತಾರ. ಕಡೀಕ ಕೈಲಾದಷ್ಟು ಒತ್ತಿ ಸೊಸಿಗೆ ಕೊಟ್ಟೆ. ಆಕಿ ಜೋರಾಗಿ ಓದಿದಳು:

"ಯಪ್ಪಾ, ಇಲ್ಲೀತನಾ ನಡಸಿದಿ. ಉಪಕಾರ. ಆಮೆನ್."

ಅಷ್ಟೇ. ಕೇಳೂದೆಲ್ಲಾ ಒಳಗೇ ಉಳೀತು. ನಾ ಹಣಿ ಚಾಪಿಗೆ ಹಚ್ಚಿದೆ. ಅಂಜಿಕಿ ಹೋಗಲಿಲ್ಲ, ಸುಳ್ಳು ಯಾಕ ಹೇಳ್ಲಿ. ಆದ್ರ ಆವತ್ತು ಒಂದು ರೊಟ್ಟಿ ತಿಂದೆ.

ಮತ್ತ ಹುಮನಾಬಾದಕ್ಕ ಹೋದಾಗ ದವಾಖಾನಿ ಬೆಂಚಿನ ಮ್ಯಾಲ ಸೊಸಿ ಕೈ ಗಟ್ಟಿ ಹಿಡಕೊಂಡು ಕುಂತಿದ್ದೆ, ಆಕಿ ಬಳಿ ಚುಚ್ಚಿದ್ದೂ ಗೊತ್ತಾಗಲಿಲ್ಲ. ಡಾಕ್ಟರ್ ಕರೆದು, "ಕೆಟ್ಟದ್ದೇನಿಲ್ರಿ ಅಮ್ಮಾ. ಇನ್ನ ಜರಾ ಜರಾ ಮಾತಾಡ್ರಿ" ಅಂದ್ರು. ಬಾಯಿ ತೆಗೆದ್ರ ಹಳೇ ಬಾಗಿಲ ತೆರೆದಂಗ ಕಿರ್ರ ಅಂತು ನನ್ನ "ಸ್ತೋತ್ರ".

ಮುಂದಿನ ಶುಕ್ರವಾರ ಸಣ್ಣದಽ ಹೇಳಿ ಮುಗಿಸಬೇಕಂತ ಗಟ್ಟಿ ಮನಸು ಮಾಡಿದ್ದೆ. ಡಾಕ್ಟರಿಗೆ ಉಪಕಾರ, ಸೊಸಿಗೆ ಉಪಕಾರ, ಬಸ್ಸಿನ ಡ್ರೈವರಗೆ ಉಪಕಾರ... ಒಲಿ ಮ್ಯಾಲಿನ ಚಾ ಬತ್ತಿದ ವಾಸನಿ ಬಂತು. ತಂಗಿ ಒಂದು ಕಣ್ಣು ತೆಗೆದು ಅಂದಳು:

"ಅಕ್ಕಾ, ಸಾಕ್ ಮಾಡವ್ವ. ದೇವ್ರು ಈಗಷ್ಟೇ ಕಿವಿಮ್ಯಾಲಿನ ಕೈ ತೆಗದಿದ್ದ!"