ಕರಡಿಗೆಯ ಮೇಲಿನ ಕೈ

ಟೇಲರ್ ದೇವೀಂದ್ರಪ್ಪನ ಕೈ ಕತ್ತರಿಯ ಮೇಲೆ ಇರುತ್ತಿದ್ದದ್ದು ಕಡಿಮೆ, ಎದೆಯ ಮೇಲೆ ಇರುತ್ತಿದ್ದದ್ದೇ ಹೆಚ್ಚು. ಯಡ್ರಾಮಿ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ನಾಲ್ಕು ಹೊಲಿಗೆ ಹಾಕುವುದು, ಮಶೀನು ನಿಲ್ಲಿಸುವುದು, ಅಂಗಿಯೊಳಗೆ ಕೈ ತೂರಿಸಿ ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ಮುಟ್ಟಿ ನೋಡುವುದು. ಮುಟ್ಟಿದರೆ ಸಾಲದು, ಪರರ ಕಣ್ಣಿಗೆ ಬೀಳಬಾರದೆಂದು ಪರದೆಯ ಹಿಂದೆ ಹೋಗಿ ಮುಚ್ಚಳ ತೆಗೆದು ಒಳಗೆ ಇಷ್ಟಲಿಂಗ ಇದೆಯೇ ಎಂದು ಕಣ್ಣಾರೆ ಕಾಣಬೇಕು. ಬಂದು ಕೂತನೋ ಇಲ್ಲವೋ, ಮುಚ್ಚುವಾಗಲೇ ಬಿದ್ದಿದ್ದರೆ ಎನ್ನಿಸುತ್ತಿತ್ತು. ಮತ್ತೆ ಏಳುತ್ತಿದ್ದ. ದೀಪಾವಳಿಗೆಂದು ಕೊಟ್ಟ ಜಂಪರು ಸಂಕ್ರಾಂತಿಗೆ ಸಿಕ್ಕರೆ ಪುಣ್ಯ. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು.

ಊರವರು ನಕ್ಕಿದ್ದರೆ ಚೆನ್ನಾಗಿತ್ತು. ಅವರು ಕೈ ಮುಗಿದರು. ಎಂಥ ಲಿಂಗನಿಷ್ಠೆ, ಕೆಲಸದ ನಡುವೆಯೂ ಶಿವನ ಧ್ಯಾನ ಬಿಡನಲ್ಲ ಎಂದರು. ಜಂಪರು ತಡವಾದರೆ ಹೆಂಗಸರು ಬೈಯುವುದನ್ನೂ ಬಿಟ್ಟರು. ಶರಣರಿಗೆ ಅವಸರ ಮಾಡಬಾರದಂತೆ!

ನಿಜ ಗೊತ್ತಿದ್ದವನು ದೇವೀಂದ್ರಪ್ಪ ಒಬ್ಬನೇ. ಹನ್ನೊಂದು ವರ್ಷದವನಿದ್ದಾಗ ಸೋದರಮಾವನ ಊರಲ್ಲಿ ಭೀಮಾ ಹೊಳೆಯಲ್ಲಿ ಈಸುವಾಗ ಶಿವದಾರ ಹರಿದು ಲಿಂಗ ನೀರಿಗೆ ಬಿದ್ದಿತ್ತು. ದಂಡೆಯಲ್ಲಿ ಕೂತ ಅಜ್ಜಿ, ಲಿಂಗ ಹೋದರೆ ಜೀವ ಇಟ್ಟುಕೊಳ್ಳಬಾರದು ಎಂದು ಎದೆ ಬಡಿದುಕೊಂಡಳು. ಹೊತ್ತು ಮುಳುಗುವ ಮೊದಲು ಮಾವ ಕೆಸರಿನಲ್ಲಿ ಕೈಯಾಡಿಸಿ ಹುಡುಕಿ ಕೊಟ್ಟ. ಎಲ್ಲರೂ ಮರೆತರು, ಅವನೂ ಮರೆತ. ಎಪ್ಪತ್ತೆರಡನೆಯ ಇಸವಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಆ ಅಂಜಿಕೆ ಎಲ್ಲಿತ್ತೋ ಏನೋ, ಎದ್ದು ಬಂದು ಎದೆಯಲ್ಲಿ ಮನೆ ಮಾಡಿತು. ಅಂದಿನಿಂದ ದಿನಕ್ಕೆ ನೂರು ಸಲ ಲಿಂಗ ನೋಡುತ್ತಿದ್ದ. ಆದರೆ ಮನಸ್ಸಿಟ್ಟು ಪೂಜೆ ಮಾಡಿ ಹದಿನಾರು ವರ್ಷವಾಗಿತ್ತು. ಅಂಗೈಯಲ್ಲಿಟ್ಟುಕೊಂಡು ಕೂತರೆ ಬಿದ್ದೀತು ಎಂಬುದೊಂದೇ ಧ್ಯಾನ.

ಅವನ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುವವನು ಹಸನಸಾಬ. ಒಳ್ಳೆಯ ಕೆಲಸಗಾರ, ಆದರೆ ಕುಡುಕ. ಬೆಳಿಗ್ಗೆ ಒಂದು ಗ್ಲಾಸು ಇಳಿಸದಿದ್ದರೆ ಬೆರಳು ನಡುಗಿ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಗಿರಾಕಿಗಳಿರುವಾಗ ದೇವೀಂದ್ರಪ್ಪ ಸುಮ್ಮನೆ ದಾರ ಪೋಣಿಸಿ ಕೊಡುತ್ತಿದ್ದ. ಹಸನಸಾಬನೂ ಪರದೆಯ ಕಡೆ ಎಂದೂ ತಿರುಗಿ ನೋಡುತ್ತಿರಲಿಲ್ಲ. ಇಬ್ಬರೂ ಈ ಬಗ್ಗೆ ಒಂದು ಮಾತು ಆಡಿದವರಲ್ಲ.

ಎಂಬತ್ತೆಂಟರ ಶ್ರಾವಣದಲ್ಲಿ ಪಕ್ಕದ ಹಳ್ಳಿಯ ಮಠದವರು ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ಠರಾಯಿಸಿದರು. ಹೆಂಡತಿ ರುಕ್ಮಿಣಿಬಾಯಿ ಹಿಗ್ಗಿ ಹೀರೇಕಾಯಿಯಾದಳು. ದೇವೀಂದ್ರಪ್ಪನಿಗೆ ಮೂರು ದಿನ ಅನ್ನ ಇಳಿಯಲಿಲ್ಲ. ಕೊನೆಗೆ, ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುವುದೇ ಸರಿ, ನಾಲ್ಕು ಜನರಲ್ಲಿ ಒಬ್ಬರಾದರೂ ನಂಬಿಯಾರು, ಉಪಾಯ ಹೇಳಿಯಾರು ಎಂದು ಗಟ್ಟಿ ಮನಸ್ಸು ಮಾಡಿದ.

ಶಾಲು ಹೊದಿಸಿ ಮೈಕು ಕೊಟ್ಟರು. ಅವನು ಹೇಳಿದ: "ಇದು ಭಕ್ತಿ ಅಲ್ರಿ, ಅಂಜಿಕಿ. ನನ್ನ ಕೈ ನನ್ನ ಮಾತು ಕೇಳಾಂಗಿಲ್ಲ. ನನಗ ಯಾವುದೋ ಬ್ಯಾನಿ ಹತ್ಯಾದ್ರಿ."

ಮಠದ ಸ್ವಾಮಿಗಳು ಕಣ್ಣೊರೆಸಿಕೊಂಡು, ನೋಡಿರಿ, ನಿಜವಾದ ಶರಣನ ವಿನಯ ಹೀಗಿರುತ್ತದೆ ಎಂದರು. ಚಪ್ಪಾಳೆ ಬಿತ್ತು, ಮುದುಕಿಯರು ಕಾಲಿಗೆ ಬಿದ್ದರು. ಅಷ್ಟು ಜನರ ನಡುವೆ ದೇವೀಂದ್ರಪ್ಪನಷ್ಟು ಒಬ್ಬಂಟಿ ಇನ್ನೊಬ್ಬನಿರಲಿಲ್ಲ. ಹೇಳಿಕೊಳ್ಳದೆ ಇದ್ದಾಗ, ಹೇಳಿದರೆ ತಿಳಿದಾರು ಎಂಬ ಆಸೆಯಾದರೂ ಇತ್ತು. ಈಗ ಅದೂ ಹೋಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಶಿವ ಶಿವ, ಅಂಥ ಮಾತು ಬಾಯಲ್ಲಿ ತರಬೇಡಿ ಎಂದು ಅವಳು ಶಾಲನ್ನು ಗೋಡೆಯ ಗೂಟಕ್ಕೆ ತೂಗುಹಾಕಿದಳು.

ಮರುದಿನ ಅಂಗಡಿಯಲ್ಲಿ ಹಸನಸಾಬ ಗುಂಡಿ ಹಾಕುತ್ತ ತಲೆಯೆತ್ತದೆ ಮಾತು ತೆಗೆದ.

"ನಿನ್ನಿ ನಾ ಮಠದ ಹೊರಗ ನಿಂತಿದ್ದೆ, ಮಾಸ್ತರ. ನಿಮ್ಮ ಮಾತು ನಾ ನಂಬ್ತೀನಿ. ಬ್ಯಾಡ ಅಂದ್ರೂ ಕೈ ಹೋಗೂದು ನನಗ ಗೊತ್ತದ. ನಮ್ಮಿಬ್ಬರ ಬ್ಯಾನಿ ಒಂದ. ನಿಮಗ ಶಾಲು ಹಾಕ್ತಾರ, ನನಗ ಚಪ್ಪಲಿ ಒಗೀತಾರ, ಅಷ್ಟ ಫರಕು."

ಗುಲ್ಬರ್ಗಾದಲ್ಲಿ ತಲೆಯ ಡಾಕ್ಟರೊಬ್ಬರಿದ್ದಾರೆ, ತಂಗಿ ಖುರ್ಷಿದ ತನ್ನನ್ನು ಒಮ್ಮೆ ಅಲ್ಲಿಗೆ ಎಳೆದೊಯ್ದಿದ್ದಳು, ಅವರು ಬೈಯಲಿಲ್ಲ, ಕೂರಿಸಿ ಕೇಳಿದರು ಎಂದ. ತಾನು ಮತ್ತೆ ಹೋಗದೆ ತಪ್ಪಿಸಿಕೊಂಡಿದ್ದನ್ನೂ ಮುಚ್ಚಿಡಲಿಲ್ಲ. ಜೊತೆಯಾದರೆ ಹೋದೇನು ಎಂದ. ದೇವೀಂದ್ರಪ್ಪ ಎದ್ದು ಪರದೆಯ ಹಿಂದೆ ಹೋದ. ಆ ಸಲ ಕರಡಿಗೆ ನೋಡಲಿಕ್ಕಲ್ಲ, ಅಳಲಿಕ್ಕೆ.

ಸೋಮವಾರ ಇಬ್ಬರೂ ಬಸ್ಸು ಹತ್ತಿದರು. ಗಂಡ ಗುಲ್ಬರ್ಗಾಕ್ಕೆ ದೇವರ ದರ್ಶನಕ್ಕೆ ಹೊರಟಿದ್ದಾನೆ ಎಂದು ರುಕ್ಮಿಣಿಬಾಯಿ ಓಣಿಗೆಲ್ಲ ಸಾರಿದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕಾರು ಜನ ಬಂದು ಕಾಲು ಮುಟ್ಟಿದರು. ಕಿರಾಣಿ ಅಂಗಡಿಯ ಬಸವಂತರಾಯ ಕಿಟಕಿಯಲ್ಲಿ ಬಗ್ಗಿ, ಆ ಕುಡುಕನ ಬಾಜೂ ಯಾಕೆ ಕೂತಿರಿ, ಮುಂದೆ ಸೀಟಿದೆ ಎಂದು ಕಿವಿಯಲ್ಲಿ ಹೇಳಿದ. ದೇವೀಂದ್ರಪ್ಪ ಏಳಲಿಲ್ಲ. ಹಸನಸಾಬ ಬೆಳಿಗ್ಗೆಯಿಂದ ಒಂದು ಹನಿ ಮುಟ್ಟಿರಲಿಲ್ಲ.

ಜೇವರ್ಗಿ ದಾಟಿ ಭೀಮಾ ಸೇತುವೆ ಬಂತು. ಕೆಳಗೆ ಶ್ರಾವಣದ ಕೆಂಪು ನೀರು ತುಂಬಿ ಹರಿಯುತ್ತಿತ್ತು. ದೇವೀಂದ್ರಪ್ಪನ ಕೈ ಎದೆಗೆ ಹೋಯಿತು.

"ಅದನ್ರೀ?" ಎಂದ ಹಸನಸಾಬ.

"ಅದ."

"ಆದ್ರೂ ತಗದು ನೋಡಬೇಕಂತ ಜೀವ ಜಗ್ಗಾಕತ್ತದ?"

ದೇವೀಂದ್ರಪ್ಪ ಹೌದೆಂದು ತಲೆಯಾಡಿಸಿದ. ಹದಿನಾರು ವರ್ಷದಲ್ಲಿ ಇದನ್ನು ಕೇಳಿದವರು ಯಾರೂ ಇರಲಿಲ್ಲ. ತುಂಬಿದ ಬಸ್ಸಿನಲ್ಲಿ ಪರದೆ ಎಲ್ಲಿಂದ ತರುವುದು? ಹಸನಸಾಬ ಹೆಗಲ ಮೇಲಿನ ವಲ್ಲಿ ಬಿಚ್ಚಿ, ಎರಡೂ ಕೈಯಲ್ಲಿ ಅಡ್ಡ ಹಿಡಿದು, ಮುಖ ಆಚೆ ತಿರುಗಿಸಿದ. ಅವನ ಕೈ ನಡುಗುತ್ತಿದ್ದುದರಿಂದ ವಲ್ಲಿಯೂ ನಡುಗುತ್ತಿತ್ತು. ದೇವೀಂದ್ರಪ್ಪ ನೋಡಿ ಮುಚ್ಚುವವರೆಗೂ ಅವನು ಅದನ್ನು ಇಳಿಸಲಿಲ್ಲ.