ಎರಡು ಕಿವಿಯಲ್ಲಿ ಡೆತ್ ಮೆಟಲ್

ನಿಮಗೆ ಯಾವ ಸಂಗೀತ ಇಷ್ಟ ಎಂದು ಯಾರಾದರೂ ಕೇಳಿದರೆ ಹಳೆಯ ಸಿನಿಮಾ ಹಾಡು ಎಂದು ಹೇಳಿ ಪಾರಾಗುತ್ತೇನೆ. ನಿಜ ಹೇಳಿದರೆ ವಿವರಿಸಬೇಕಾಗುತ್ತದಲ್ಲ! ಡೆತ್ ಮೆಟಲ್ ಎಂದರೆ ಏನೆಂದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ವಿವರಿಸುವುದು ಹೇಗೆ? ಗಿಟಾರುಗಳು ಜಲ್ಲಿ ಒಡೆಯುವ ಯಂತ್ರದಂತೆ ಸದ್ದು ಮಾಡುತ್ತವೆ. ಡ್ರಮ್ಮಿನವನಿಗೆ ಎಲ್ಲಿಗೋ ಹೊತ್ತಾಗಿರುತ್ತದೆ. ಹಾಡುವವನು ಹಾಡುವುದಿಲ್ಲ, ಹೊಟ್ಟೆಯಾಳದಿಂದ ಗುರುಗುಟ್ಟುತ್ತಾನೆ. ವಿಷಯ ಬಹುಮಟ್ಟಿಗೆ ಸಾವು. ಇಷ್ಟನ್ನೂ ಹೇಳಿ, ಇದು ನನಗೆ ಪ್ರಾಣ ಎಂದರೆ, ಮಕ್ಕಳಿಗೆ ವಿಜ್ಞಾನ ಕಲಿಸುವ ಮೇಷ್ಟ್ರ ಬಗ್ಗೆ ಜನ ಏನೆಂದುಕೊಂಡಾರು?

ನಮ್ಮ ಅಲಂಕಾರಶಾಸ್ತ್ರದವರು ಉದಾರಿಗಳು. ನವರಸಗಳ ಪಂಕ್ತಿಯಲ್ಲಿ ರೌದ್ರ, ಭಯಾನಕ, ಬೀಭತ್ಸಗಳಿಗೂ ಎಲೆ ಹಾಕಿದ್ದಾರೆ. ಬಡಿಸುವವರು ಮಾತ್ರ ಶೃಂಗಾರದ ಹತ್ತಿರವೇ ನಿಂತುಬಿಡುತ್ತಾರೆ. ಆ ಪಂಕ್ತಿಯಲ್ಲೇ ಇಲ್ಲದ ಭಕ್ತಿಗೆ ಕರೆದು ಕರೆದು ಬಡಿಸುತ್ತಾರೆ. ಹಸಿದು ಕೂತ ಬೀಭತ್ಸಕ್ಕೆ ಅನ್ನ ಹಾಕಿದವರು ಅಮೆರಿಕದ ಯಾವುದೋ ಸೆಕೆಯೂರಿನ ನಾಲ್ವರು ಹುಡುಗರು. ಬಲ್ಲವರು ಅವರ ಡೆತ್ ಮೆಟಲ್ ಆಲ್ಬಮ್ಮೊಂದನ್ನು ಕ್ಲಾಸಿಕ್ ಎನ್ನುತ್ತಾರೆ.

ಅದರ ಕ್ಯಾಸೆಟ್ಟು ನನಗೆ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಹಾಸನದಲ್ಲಿ ಕಾಲೇಜು ಓದುವಾಗ. ಅರಕಲಗೂಡಿನ ಶ್ರೀಕಂಠ ನನ್ನ ರೂಮ್‌ಮೇಟು. ಅವನೇ ಅದನ್ನು ಯಾರಿಂದಲೋ ತಂದವನು. ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದು ವಾಕ್‌ಮನ್. ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತು, ಇಯರ್‌ಫೋನಿನ ಎಡಗಡೆಯದನ್ನು ನಾನು, ಬಲಗಡೆಯದನ್ನು ಅವನು ಕಿವಿಗಿಟ್ಟುಕೊಂಡು ತಲೆಯಾಡಿಸುತ್ತಿದ್ದೆವು. ನೋಡಿದವರಿಗೆ ಇಬ್ಬರೂ ಯಾವುದಕ್ಕೋ ಬಲವಾಗಿ ಒಪ್ಪಿಗೆ ಕೊಡುತ್ತಿದ್ದಾರೆ ಎನ್ನಿಸುತ್ತಿತ್ತು.

ಓದು ಮುಗಿಯಿತು. ಶ್ರೀಕಂಠ ಚನ್ನರಾಯಪಟ್ಟಣದಲ್ಲಿ ಮಾವನ ಜೊತೆ ಸಿಮೆಂಟು, ಕಬ್ಬಿಣದ ವ್ಯಾಪಾರಕ್ಕೆ ಕೂತ. ನಾನು ಹಳ್ಳಿಮೈಸೂರಿನ ಹೈಸ್ಕೂಲಿಗೆ ಮೇಷ್ಟ್ರಾಗಿ, ಹೊಳೆನರಸೀಪುರದ ನಿಂಗಮ್ಮನವರ ಮನೆಯ ಹಿಂದಿನ ರೂಮು ಹಿಡಿದೆ. ಶಾಲೆಯಿದ್ದ ದಿನ ಹೇಗೋ ಕಳೆಯುತ್ತಿತ್ತು. ಒಂಟಿ ಮನುಷ್ಯನಿಗೆ ಭಾನುವಾರದ ಮಧ್ಯಾಹ್ನದಷ್ಟು ಉದ್ದದ ವಸ್ತು ಇನ್ನೊಂದಿಲ್ಲ. ಬಟ್ಟೆ ಒಗೆದಾಯಿತು, ಪೇಪರನ್ನು ಟೆಂಡರ್ ಜಾಹೀರಾತಿನವರೆಗೂ ಓದಿಯಾಯಿತು, ಗಡಿಯಾರ ಮಾತ್ರ ಅಲ್ಲೇ ಇತ್ತು. ಕಾಲೇಜು ಬಿಟ್ಟು ಎಷ್ಟೋ ವರ್ಷದ ಮೇಲೆ ಅಂಥದೊಂದು ಮಧ್ಯಾಹ್ನ ಪೆಟ್ಟಿಗೆಯ ತಳದಲ್ಲಿ ಆ ಹಳೆಯ ಕ್ಯಾಸೆಟ್ಟು ಕಂಡಿತು.

ಹಾಕಲು ಹೆದರಿಕೆಯಾಯಿತು. ಕಾಲೇಜಿನ ಪ್ಯಾಂಟು ಈಗಲೂ ಸೊಂಟಕ್ಕೆ ಹಿಡಿಸುತ್ತದೆಯೇ ಎಂದು ನೋಡುವುದಕ್ಕೂ ಹೀಗೇ ಹೆದರಿದ್ದೆ, ಹೆದರಿದ್ದು ಸರಿಯಾಗಿತ್ತು. ಆದರೂ ಟೇಪ್ ರೆಕಾರ್ಡರಿನ ಸ್ಪೀಕರುಗಳನ್ನು ಮಂಚದ ಎರಡೂ ಪಕ್ಕ ಇಟ್ಟು, ನಡುವೆ ಕೂತು ಗುಂಡಿ ಒತ್ತಿದೆ.

ಎಡಗಡೆಯಿಂದ ನನಗೆ ಬಾಯಿಪಾಠವಾಗಿದ್ದ ಗಿಟಾರು ಬಂತು. ಬಲಗಡೆಯಿಂದ ನಾನು ಎಂದೂ ಕೇಳದ ಇನ್ನೊಂದು. ಮೊದಲನೆಯದು ಗುದ್ದುತ್ತಿದ್ದರೆ ಇದು ಹತ್ತಿರ ಬಂದು, ದೂರ ಸರಿದು, ಅಳುತ್ತಿತ್ತು. ಇಷ್ಟು ವರ್ಷ ಪೂರ್ತಿ ಗೊತ್ತು ಎಂದುಕೊಂಡಿದ್ದ ಹಾಡಿನ ಅರ್ಧವನ್ನು ಮಾತ್ರ ನಾನು ಕೇಳಿದ್ದೆ. ಉಳಿದರ್ಧ ಶ್ರೀಕಂಠನ ಕಿವಿಯಲ್ಲಿತ್ತು.

ಇದನ್ನು ಅವನಿಗಲ್ಲದೆ ಯಾರಿಗೆ ಹೇಳಲಿ? ವಾಲ್ಯೂಮು ತಗ್ಗಿಸಿ ಅವನ ಮೊಬೈಲಿಗೆ ಫೋನು ಮಾಡಿದೆ. ಅವನ ಹಿಂದೆ ಲಾರಿಯಿಂದ ಕಬ್ಬಿಣ ಇಳಿಸುವ ಸದ್ದು.

“ಯಾವ ಕ್ಯಾಸೆಟ್ಟೋ?” ಎಂದ. ಜ್ಞಾಪಿಸಿದೆ. “ಓ, ಆ ಕಿರುಚಾಟಾನಾ? ಇನ್ನೂ ಇಟ್ಕೊಂಡಿದೀಯೇನೋ ಮಾರಾಯ! ಲೋಡು ಬಂದಿದೆ ಕಣೋ, ಆಮೇಲೆ ಮಾಡ್ತೀನಿ.”

ಮಾಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನ ಮೇಲೆ ಸಿಟ್ಟೇನೂ ಬರಲಿಲ್ಲ. ಆದರೆ ಅರ್ಧ ಹಾಡಿಗಿಂತ ಪೂರ್ತಿ ಹಾಡು ಹೆಚ್ಚು ಒಂಟಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾವುದೋ ಹಟಕ್ಕೆ ಬಿದ್ದು ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ನಿಂಗಮ್ಮನವರು ಚೊಂಬಿನಲ್ಲಿ ನೀರು ಹಿಡಿದು ಬಾಗಿಲಿಗೆ ಓಡಿಬಂದರು. “ಮೇಷ್ಟ್ರೇ, ಏನಾಯ್ತು? ಗಂಟ್ಲಿಗೇನಾರ ಸಿಕ್ಕಾಕ್ಕೊಂಡೈತಾ?”

“ಇಲ್ಲಮ್ಮ, ಇದು ಹಾಡು.”

“ಆಡಾ ಇದು?” ಎಂದು ಟೇಪ್ ರೆಕಾರ್ಡರನ್ನೇ ನೋಡಿದರು. ನಾಚಿಕೆಯಾಗಿ ನಿಲ್ಲಿಸಲು ಕೈ ಚಾಚಿದೆ.

“ಇರ್ಲಿ, ನಿಲ್ಸಬ್ಯಾಡಿ,” ಎನ್ನುತ್ತ ಹೊಸ್ತಿಲ ಪಕ್ಕ ಕೂತರು. “ನಮ್ಮನೆವ್ರೂ ಇಂಗೇಯ. ನಾಟ್ಕದಲ್ಲಿ ರಾಕ್ಷಸನ ಪಾರ್ಟು ಮಾಡೋರು. ಇತ್ಲಲ್ಲಿ ನಿಂತ್ಕಂಡು ಕೂಗಿ ಕೂಗಿ ಕಲಿಯೋರು. ಎಮ್ಮೆ ಬೆದ್ರಿ ಆಲೇ ಕೊಡ್ತಿರ್ಲಿಲ್ಲ. ಬಾಯ್ ಮುಚ್ರಿ ಅಂತ ಬಯ್ಯೋಳು ನಾನು.” ಸೆರಗಿನಿಂದ ಚೊಂಬಿನ ಅಂಚು ಒರೆಸಿದರು. “ಅವ್ರು ತೀರ್ಕಂಡ್ಮೇಲೆ ಈ ಮನೇಲಿ ಯಾರೂ ಗಟ್ಟಿಯಾಗಿ ಕೂಗೇ ಇಲ್ಲ ಕಣ್ರೀ.”

ಗುರುಗುಟ್ಟುವವನು ಗುರುಗುಟ್ಟುತ್ತಲೇ ಇದ್ದ.

“ಅರ್ಥ ಆಗುತ್ತಾಮ್ಮ?” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಅರ್ಥ ಕಟ್ಕೊಂಡೇನು? ಏನೋ ಸಂಕ್ಟ ಐತೆ ಪಾಪ, ಕೂಗ್ತಾವ್ನೆ. ಕೂಗ್ಲಿ ಬುಡಿ.”

ಆ ಕ್ಲಾಸಿಕ್ಕಿನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಹೆಚ್ಚೇನನ್ನೂ ಹೇಳಿರಲಿಲ್ಲ. ಕೊನೆಯ ಡ್ರಮ್ಮು ಬಿದ್ದು ಕ್ಯಾಸೆಟ್ಟು ಟಕ್ಕೆಂದು ನಿಂತಾಗ ಅವರು ಎದ್ದು ಹೋಗುತ್ತಾರೆಂದುಕೊಂಡೆ.

“ಇನ್ನೊಂದ್ ಕಡೆನೂ ಐತಾ?” ಎಂದರು.

ಇತ್ತು. ತಿರುಗಿಸಿ ಹಾಕಿದೆ.